ಮೊದಲ ಮನೆಯ ಐಫೋನು

ಮಾರಿಯಮ್ಮನ ಗಂಟಲು ಕಟ್ಟಿದ್ದೇ ಎಲ್ಲಕ್ಕೂ ಮೂಲ.

ಚಾಂಪಿಯನ್ ರೀಫ್ಸ್‌ನ ಆ ಲೈನಿನ ಮನೆಗಳು ಚಿನ್ನದ ಗಣಿಯ ಕಾಲದವು. ರೈಲು ಬೋಗಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡು ನಿಂತಿವೆ, ಹೊರಡುವ ಲಕ್ಷಣ ಮಾತ್ರ ಇಲ್ಲ. ನೀರಿನ ಪೈಪು ಮೇಲಿನ ತುದಿಯಿಂದ ಬರುತ್ತದೆ. ಆ ತುದಿಯ ಮೊದಲ ಮನೆ ಮಾರಿಯಮ್ಮನದು. ವಾರಕ್ಕೊಮ್ಮೆ, ಕೆಲವು ಸಲ ವಾರವನ್ನೂ ಮರೆತು, ನೀರು ಬಿಟ್ಟಾಗ ಮೊದಲು ಬುಸುಗುಡುವುದು ಅವಳ ನಲ್ಲಿ. ಆಗ ಅವಳು ಬಾಗಿಲಿಗೆ ಬಂದು ‘ನೀರು ಬಂತು’ ಎಂದು ಒಂದು ಸಲ ಕೂಗಬೇಕು. ಕೂಗುವ ಹಕ್ಕು ಅತ್ತೆಯಿಂದ ಅವಳಿಗೆ ಬಂದದ್ದು. ಎರಡನೆಯ ಮನೆಯವರು ಬಾಯಿ ತೆರೆದರೆ ಅದು ಕಳ್ಳಮಾಲು. ಮಾರಿಯಮ್ಮನ ಕೂಗು ಲೈನಿನ ಕೊನೆ ಮುಟ್ಟಿ, ಆಚೆಯ ಗಣಿ ಮಣ್ಣಿನ ಸಯನೈಡ್ ದಿಬ್ಬಕ್ಕೆ ಬಡಿದು, ವಾಪಸು ಬರುವಾಗ ಮಲಗಿದ್ದವರನ್ನೂ ಎಬ್ಬಿಸುತ್ತಿತ್ತು.

ಈಗ ಡಾಕ್ಟರು ತಿಂಗಳ ಮಟ್ಟಿಗೆ ಕೂಗಲೇಕೂಡದು ಅಂದಿದ್ದರು. ಹೋದ ಸರದಿಯಲ್ಲಿ ಅವಳು ಲೈನಿನ ವಾಟ್ಸಾಪ್ ಗುಂಪಿಗೆ ‘ನೀರು’ ಎಂದು ಬರೆದಳು. ಶುಭೋದಯದ ಗುಲಾಬಿಗಳು, ಶನಿವಾರದ ಹನುಮಂತ, ಯಾರದೋ ಮೊಮ್ಮಗನ ಮೊದಲ ಹಲ್ಲು, ಇವೆಲ್ಲದರ ಕೆಳಗೆ ನೀರು ಮುಳುಗಿಹೋಯಿತು. ಅರ್ಧ ಲೈನು ಒಣಗಿತು.

ಪೂರಾ ಒಣಗಿದ್ದು ಕೊನೆಯ ಮನೆ. ಅದು ರಾಮಚಂದ್ರಪ್ಪನದು. ಸಂಜೆ ಪಾನಿಪುರಿ ಗಾಡಿ ಇಡುವ ರಾಮಚಂದ್ರಪ್ಪ ಕೆಲಸ ಕಲಿತದ್ದು ಬಂಗಾರಪೇಟೆಯಲ್ಲಿ. ಅವನ ಪಾನಿ ಕನ್ನಡಿಯಷ್ಟು ತಿಳಿ. ಹಸಿರು ಪಾನಿ ಮಾಡುವವರನ್ನು ಅವನು ‘ಪಾಚಿ ಮಾರೋರು’ ಎಂದು ಕರೆಯುತ್ತಿದ್ದ. ಅವನ ಮಗಳು ಅರ್ಚನ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಾಳೆ. ಅವಳ ಗಂಡ ಕಾಂತರಾಜ್ ಎಲ್ಲಿಗೂ ಹೋಗುವುದಿಲ್ಲ. ಬೇತಮಂಗಲದ ಕಡೆಯವನಾದ ಅವನು ಅತ್ತೆ ಮನೆಯಲ್ಲೇ ಕೂತು ಬಂಗಾರಪೇಟೆಯ ಬೀಜದಂಗಡಿ, ಟೈಲ್ಸ್ ಅಂಗಡಿ, ಮದುವೆ ಛತ್ರಗಳಿಗೆ ವೆಬ್‌ಸೈಟು, ಆಪು ಮಾಡಿಕೊಡುತ್ತಾನೆ. ಮಾವನ ಪ್ರಕಾರ ಅದು ಕೆಲಸವಲ್ಲ, ಕೂತಿರುವುದರಲ್ಲಿ ಒಂದು ಬಗೆ. ಹೇಗೂ ಕೂತಿರುತ್ತಾನೆಂದು ನೀರು ಕಾಯುವ ಕೆಲಸ ಅವನ ಪಾಲಿಗೆ ಬಂದಿತ್ತು.

“ನಿಮ್ಮೂರ ಕೆರೆ ನೀರೇ ಕಣಪ್ಪ ಇಲ್ಲಿಗೆ ಬರೋದು,” ಎನ್ನುತ್ತಿದ್ದ ರಾಮಚಂದ್ರಪ್ಪ. “ಅದೂ ಬೇತಮಂಗಲ ಬಿಟ್ಟು ಬತ್ತದೆ, ನೀನೂ ಬಂದೆ. ಅದಾದ್ರೆ ಬಂದು ಒಂಟೋಯ್ತದೆ.”

ಹೋದ ಸರದಿಯ ದಿನ ಕಾಂತರಾಜ್ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಬೀಜದಂಗಡಿಯವನ ಟೊಮೆಟೊ ಚಿತ್ರ ಇನ್ನೂ ಎಷ್ಟು ಕೆಂಪಾಗಬೇಕೆಂದು ಚರ್ಚಿಸುತ್ತಿದ್ದ. ಅಷ್ಟರಲ್ಲಿ ನೀರು ಬಂದು ಹೋಗಿತ್ತು. ರಾಮಚಂದ್ರಪ್ಪನಿಗೆ ಒಂದು ಗುಣ. ಸಿಟ್ಟು ಏರಿದಷ್ಟೂ ಮರ್ಯಾದೆ ಏರುತ್ತಿತ್ತು.

“ಅಳಿಯಂದಿರು ಊಟ ಮುಗ್ಸಿದ್ರಾ?” ಎಂದು ಕೇಳಿದ್ದ. “ತಮಗೆ ಕೈ ತೊಳ್ಕೊಳಕ್ಕೆ ನೀರು ಸಿಕ್ತಾ?”

ಆ ಬಹುವಚನ ತಡೆಯಲಾರದೆ ಕಾಂತರಾಜ್ ಮಾತು ಕೊಟ್ಟುಬಿಟ್ಟ. ತಾನೊಂದು ಆಪು ಮಾಡುತ್ತೇನೆ. ಮಾರಿಯಮ್ಮ ಅದರಲ್ಲಿ ಒಂದು ಬಟನ್ ಒತ್ತಿದರೆ ಲೈನಿನ ಎಲ್ಲ ಫೋನುಗಳಲ್ಲೂ ಗಂಟೆ ಹೊಡೆಯುತ್ತದೆ. ಇನ್ನು ಯಾರೂ ನಲ್ಲಿ ಕಾಯಬೇಕಾಗಿಲ್ಲ.

“ಸರಿ,” ಎಂದ ಮಾವ. “ಬರೋ ಸರದೀಲಿ ನಿನ್ ಆಪಿಂದ ಡ್ರಮ್ಮು ತುಂಬಿದ್ರೆ, ನೀನು ನಲ್ಲಿ ಕಾಯೋದು ಅವತ್ತಿಗೇ ಮುಗೀತು. ತುಂಬ್ಲಿಲ್ಲಾಂದ್ರೆ ಆ ಲ್ಯಾಪ್‌ಟಾಪು ಬೀರುಗೆ. ಗಾಡಿ ತಳ್ಳಕ್ಕೆ ನಂಗೂ ಒಬ್ರು ಬೇಕು.”

ಆ ಸರದಿ ಇವತ್ತು. ಸಾಲದ್ದಕ್ಕೆ ಬಂಗಾರಪೇಟೆಯ ಛತ್ರವೊಂದರಲ್ಲಿ ಸಂಜೆ ಆರತಕ್ಷತೆ, ಪಾನಿಪುರಿ ರಾಮಚಂದ್ರಪ್ಪನದು. ಟ್ಯಾಂಕರ್ ನೀರಿಗೆ ಪಾನಿ ಕದಡುತ್ತದೆ, ಕ್ಯಾನ್ ನೀರಿಗೆ ರುಚಿ ಕೂರುವುದಿಲ್ಲ ಎಂಬುದು ಅವನ ಶಾಸ್ತ್ರ. ನಲ್ಲಿಯ ನೀರೇ ಆಗಬೇಕು.

ಕಾಂತರಾಜ್ ಆಪಿನ ಫೈಲನ್ನು ಗುಂಪಿಗೆ ಕಳಿಸಿ ನಾಲ್ಕು ದಿನವಾಗಿತ್ತು. ಲೈನಿನಲ್ಲಿ ಬಹುತೇಕ ಎಲ್ಲರೂ ಹಾಕಿಕೊಂಡಿದ್ದರು. ಆಂಡ್ರಾಯ್ಡ್ ಫೋನು ಲೈನಿನ ಮನೆಗಳಿದ್ದಂತೆ, ಹಗಲು ಚಿಲಕ ಹಾಕುವುದಿಲ್ಲ. ‘ಇದು ಯಾರದೋ ಗೊತ್ತಿಲ್ಲ, ಒಳಗೆ ಬಿಡಲಾ?’ ಎಂದು ಒಂದು ಮಾತು ಕೇಳುತ್ತದೆ. ಹೂಂ ಅಂದರೆ ಬಿಟ್ಟುಕೊಳ್ಳುತ್ತದೆ. ಒತ್ತಬೇಕಾದ ಮಾರಿಯಮ್ಮನೂ ಹಾಕಿಕೊಂಡಿದ್ದಾಳೋ ಇಲ್ಲವೋ ಎಂದು ಬೆಳಿಗ್ಗೆ ಎದ್ದವನೇ ಮೊದಲ ಮನೆಗೆ ಹೋದ.

“ಬಾ ತಂಬಿ,” ಎಂದು ಮಾರಿಯಮ್ಮ ಪಿಸುಗುಟ್ಟಿದಳು. ಅವಳು ಕೂಗಿದಾಗ ಯಾರಿಗೂ ಭಯವಾಗುತ್ತಿರಲಿಲ್ಲ, ಪಿಸುಗುಟ್ಟಿದರೆ ಆಗುತ್ತಿತ್ತು. “ನಿನ್ ಫೈಲು ಒತ್ತಿ ಒತ್ತಿ ಬೆರಳು ಸವೆದೋಯ್ತು. ತೆರೀತಾನೇ ಇಲ್ಲ.”

ಹೂವಿನ ಕಸೂತಿಯ ಮಖಮಲ್ ಚೀಲದಿಂದ ಅವಳು ಫೋನು ತೆಗೆದಳು. ಲೈನಿನಲ್ಲಿ ಅದನ್ನು ಚೀಲದ ಹೊರಗೆ ನೋಡಿದವರು ಕಡಿಮೆ. ಬೆನ್ನ ಮೇಲೆ ಕಚ್ಚಿದ ಸೇಬಿತ್ತು.

“ಅಕ್ಕ, ಇದು ಐಫೋನು.”

“ಕುವೈತಿಂದ ಮಗಳು ಕಳ್ಸಿದ್ದು. ಅದ್ಕೇ ಚೀಲದಾಗೆ ಮಡಗಿರೋದು.”

ಕಾಂತರಾಜ್ ಜಗಲಿಯ ಮೇಲೆ ಕೂತ. ಇಡೀ ಲೈನಿನಲ್ಲಿ ಐಫೋನು ಇರುವುದು ಒಂದು, ಬಟನ್ ಒತ್ತಬೇಕಾದ ಫೋನೂ ಒಂದು. ಎರಡೂ ಒಂದೇ ಆಗಿತ್ತು.

“ಇದಕ್ಕೆ ಅಂಗೆ ಫೈಲ್ ಕಳ್ಸಿ ಹಾಕಕ್ಕಾಗಲ್ಲಕ್ಕ. ಅವ್ರದೇ ಕಂಪ್ಯೂಟರ್‌ನಲ್ಲಿ ಮಾಡ್ಬೇಕು, ವರ್ಷಾ ವರ್ಷ ಫೀಸು ಕಟ್ಬೇಕು, ಆಮೇಲೆ ಕಂಪನಿಯೋರು ನೋಡಿ ಒಪ್ಕೋಬೇಕು.”

“ಎಲ್ಲಿ ಕಂಪನಿ?”

“ಅಮೆರಿಕ.”

“ನನ್ ನಲ್ಲೀಲಿ ನೀರು ಬಂದ್ರೆ ಅಮೆರಿಕಾದೋರು ಒಪ್ಕೋಬೇಕಾ?”

“ನೀರಲ್ಲಕ್ಕ, ಆಪು.”

“ಎಷ್ಟೊತ್ತಾಯ್ತದೆ?”

“ಒಂದು ದಿನ, ಎರಡು ದಿನ. ಬೇಡ ಅಂದ್ರೂ ಅನ್ಬೋದು.”

“ಅಷ್ಟೊತ್ತಿಗೆ ನೀರು ನಿಂತೋಗಿರ್ತದಲ್ಲ ತಂಬಿ,” ಎಂದಳು ಮಾರಿಯಮ್ಮ, ಮಗುವಿಗೆ ತಿಳಿಹೇಳುವವಳಂತೆ.

ಮನೆಯಲ್ಲೊಂದು ಹಳೆಯ ಆಂಡ್ರಾಯ್ಡ್ ಫೋನು ಇದೆ, ಇವತ್ತೊಂದು ದಿನಕ್ಕೆ ತಂದುಕೊಡಲೇ ಎಂದು ಕಾಂತರಾಜ್ ಕೇಳಿದ. ಮದುವೆ ಮನೆಯಲ್ಲಿ ತಂಗಳು ಬಡಿಸಲು ಬಂದವನನ್ನು ನೋಡುವ ಹಾಗೆ ಅವಳು ಅವನನ್ನು ನೋಡಿದಳು.

“ಮಗಳು ಕೊಟ್ಟಿದ್ದು ಬಿಟ್ಟು ಯಾರದೋ ಫೋನು ಇಡ್ಕೊಂಡು ಬಾಗ್ಲಲ್ಲಿ ನಿಂತ್ಕಳ್ಳಾ?”

ಎರಡನೆಯ ಮನೆಯ ಆದಿನಾರಾಯಣ ಈ ಮಾತುಕತೆಗೆ ಪೇಪರಿನ ಹಿಂದಿನಿಂದ ಕಿವಿ ಕೊಟ್ಟಿದ್ದ. ಗಣಿಯ ಆಳದಲ್ಲಿ ದುಡಿದು ನಿವೃತ್ತನಾದವನು. ಈಗ ನೆಲದ ಮೇಲಿನ ಎಲ್ಲ ವಿಷಯಗಳಲ್ಲೂ ಅವನಿಗೆ ಆಸಕ್ತಿ.

“ಏಮಪ್ಪಾ ಕಾಂತರಾಜು, ನನ್ ಫೋನಾಗೆ ಐತಲ್ಲಯ್ಯ ನಿನ್ ಆಪು. ನಾನು ಒತ್ತೀನಿ ಬಿಡು.”

ಮಾರಿಯಮ್ಮ ಅತ್ತ ತಿರುಗಿದಳು. “ಅಣ್ಣಾ, ಈ ಲೈನಿಗೆ ಮೊದಲ್ನೇ ಮನೆ ಯಾವ್ದು?”

“ನಿಮ್ದೇ.”

“ಸುಮ್ಕೆ ಕೇಳ್ದೆ.”

ಆದಿನಾರಾಯಣ ಪೇಪರಿನೊಳಗೆ ವಾಪಸಾದ.

ಕಾಂತರಾಜ್ ಮನೆಗೆ ಓಡಿ ಲ್ಯಾಪ್‌ಟಾಪು ತೆರೆದ. ಐಫೋನು ಗಣಿ ದೊರೆಗಳ ಬಂಗಲೆ. ಗೇಟಿನಲ್ಲಿ ಕಾವಲು, ಒಳಗೆ ಹೋಗಲು ಮೇಲಿನ ಅಪ್ಪಣೆ. ಆದರೆ ಬಂಗಲೆಯ ಮುಂದೆಯೂ ರಸ್ತೆ ಅಂತ ಒಂದು ಇದ್ದೇ ಇರುತ್ತದೆ, ಅದರಲ್ಲಿ ಯಾರು ಬೇಕಾದರೂ ನಡೆಯಬಹುದು. ಆ ರಸ್ತೆಯೇ ವೆಬ್ಬು. ಆಪಿನ ಹಾಗೆ ಕಾಣುವ ಒಂದು ಪುಟ ಮಾಡಿ ಲಿಂಕು ಕೊಟ್ಟರಾಯಿತು; ಯಾವ ಫೋನಾದರೂ ಬ್ರೌಸರಿನಲ್ಲಿ ತೆರೆಯುತ್ತದೆ. ಇಷ್ಟು ಸುಲಭದ್ದು ಮೊದಲೇ ಯಾಕೆ ಹೊಳೆಯಲಿಲ್ಲವೆಂದು ತನ್ನನ್ನು ಬೈದುಕೊಳ್ಳುತ್ತ ಅವನು ಕೀಲಿಮಣೆ ಕುಟ್ಟಿದ.

ಅತ್ತೆ ಮುನಿಲಕ್ಷ್ಮಿ ಆಲೂಗಡ್ಡೆ ಸುಲಿಯುತ್ತ ಸ್ವಲ್ಪ ಹೊತ್ತು ನೋಡಿದಳು.

“ಅಲ್ಲಾ ಕಾಂತರಾಜು, ಒಂದು ಕೂಗಿಗೆ ಇಷ್ಟೊಂದು ಬರೀಬೇಕಾ?”

“ಕೂಗು ಎಲ್ರಿಗೂ ಒಂದೇ ಅತ್ತೆ. ಫೋನು ಒಬ್ಬೊಬ್ರಿಗೆ ಒಂದೊಂದು.”

“ಅದೂ ಸರಿ,” ಎಂದಳು ಮುನಿಲಕ್ಷ್ಮಿ. ಏನು ಸರಿ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ಪುಟ ಸಿದ್ಧವಾಯಿತು. ನಡುವೆ ದೊಡ್ಡ ನೀಲಿ ಬಟನ್, ಅದರ ಮೇಲೆ ‘ನೀರು ಬಂತು’. ಮಾರಿಯಮ್ಮನ ಫೋನಿನಲ್ಲಿ ಅದು ಸಲೀಸಾಗಿ ತೆರೆದುಕೊಂಡಿತು. ಬಟನ್ ಒತ್ತಲಾಗುವುದು ಅವಳ ಫೋನಿನಿಂದ ಮಾತ್ರ, ಉಳಿದವರಿಗೆ ಗಂಟೆ ಅಷ್ಟೇ. ಪುಟವನ್ನು ಫೋನಿನ ಮುಖಪರದೆಗೆ ಸೇರಿಸಿದರೆ ಮಾತ್ರ ಐಫೋನು ಗಂಟೆ ಬಾರಿಸುತ್ತದೆಂದು ಹೇಳಿ ಕಾಂತರಾಜ್ ಅದನ್ನೂ ಮಾಡಿಕೊಟ್ಟ.

“ಒತ್ತಿದ್ರೆ ಏನಾಯ್ತದೆ?” ಎಂದು ಮಾರಿಯಮ್ಮ ಕೇಳಿದಳು.

“ಈಗ ಒತ್ಬೇಡಿ, ನೀರು ಬಂದಾಗ,” ಎಂದು ಅವನು ಹೇಳಿ ಮುಗಿಸುವಷ್ಟರಲ್ಲಿ ಅವಳು ಒತ್ತಿಯಾಗಿತ್ತು.

ಲೈನಿನ ಉದ್ದಕ್ಕೂ ಫೋನುಗಳು ಗಂಟೆ ಬಾರಿಸಿದವು. ಬಾಗಿಲುಗಳು ತೆರೆದವು, ಬಿಂದಿಗೆ, ಬಕೆಟ್ಟು, ಟಬ್ಬುಗಳು ಹೊರಬಿದ್ದವು. ಸೋಪು ಹಚ್ಚಿಕೊಂಡ ಒಬ್ಬ ಟವೆಲು ಸುತ್ತಿಕೊಂಡು ಬಂದ. ನಲ್ಲಿಗಳು ಒಂದು ಸಲ ಆಕಳಿಸಿ ಸುಮ್ಮನಾದವು. ಹದಿನೈದು ಜನ ಮೊದಲ ಮನೆಯ ಮುಂದೆ ಸೇರಿದರು. ಮಾರಿಯಮ್ಮ ಕಾಂತರಾಜನತ್ತ ಬೆರಳು ತೋರಿಸಿದಳು. ಡಾಕ್ಟರು ಕೂಗಬೇಡ ಅಂದಿದ್ದರಲ್ಲ.

“ತಪ್ಪಾಯ್ತು, ಟೆಸ್ಟಿಂಗು,” ಎಂದು ಕಾಂತರಾಜ್ ಕೈ ಮುಗಿದ.

“ನನ್ ತಲೇಲಿರೋ ಸೋಪೂ ಟೆಸ್ಟಿಂಗಾ?” ಎಂದ ಟವೆಲಿನವನು.

ಎಲ್ಲರೂ ಬೈದು ಹೊರಟ ಮೇಲೆ ಆದಿನಾರಾಯಣ ಒಬ್ಬ ಉಳಿದ. ಅವನ ಸಿಟ್ಟೇ ಬೇರೆ. ಅವನ ಫೋನು ಮಾತ್ರ ಗಂಟೆ ಬಾರಿಸಿರಲಿಲ್ಲ.

“ಅಗ್ಗದ ಫೋನ್‌ಗಳು ಚಾರ್ಜು ಉಳ್ಸೋಕೆ ಆಪ್‌ಗಳನ್ನ ಮಲಗಿಸಿಬಿಡ್ತವೆ ಅಣ್ಣ,” ಎಂದು ಕಾಂತರಾಜ್ ವಿವರಿಸಿದ. “ನಿಮ್ದು ಮಲಗಿತ್ತು.”

“ನಂಗೇ ನಿದ್ದೆ ಬರಲ್ಲ, ನನ್ ಫೋನಿಗೆ ಬತ್ತದಾ? ಇದೆಲ್ಲ ಬೇಡ ಕಣಯ್ಯ. ಐಫೋನ್ ಮಡಗಿರೋರ್ಗೆ ನೀರು ಮೊದ್ಲು, ನಮ್ಗೆ ಆಮ್ಯಾಕೆ. ಅಂಗೆ ತಾನೆ? ಆಯಮ್ಮಂಗೆ ಕೊಟ್ಟಿದ್ದೇ ನಂಗೂ ಕೊಡು.”

ವಾದ ಮಾಡಲು ಹೊತ್ತಿರಲಿಲ್ಲ. ಕಾಂತರಾಜ್ ವೆಬ್ಬಿನ ಲಿಂಕನ್ನು ಅವನಿಗೂ ಕಳಿಸಿದ. ಆ ಇಡೀ ದಿನ ಅವನು ಮಾಡಿದ ಅತಿ ಸುಲಭದ ಕೆಲಸ ಅದು.

ಆಪಿನ ಫೈಲು ಲೈನು ದಾಟಿ ಹೋಗಿರಲಿಲ್ಲ. ಭಾರದ ಫೈಲು, ಮೇಲೆ ಫೋನು ಹೆದರಿಸುತ್ತಿತ್ತು. ಲಿಂಕಿಗೆ ಭಾರವೂ ಇಲ್ಲ, ಹೆದರಿಕೆಯೂ ಇಲ್ಲ. ಆದಿನಾರಾಯಣನಾದರೋ ತನಗೆ ಬಂದದ್ದನ್ನು ತಾನೊಬ್ಬನೇ ಇಟ್ಟುಕೊಂಡ ಮನುಷ್ಯನಲ್ಲ. ಹಳೇ ಗಣಿ ಕೆಲಸಗಾರರ ಗುಂಪು, ಭಜನೆ ಗುಂಪು, ಊರಿನ ಇನ್ನೊಂದು ಬದಿಯ ನಂದಿದುರ್ಗ ಗಣಿಯ ಲೈನಿನಲ್ಲಿದ್ದ ಬೀಗರ ಗುಂಪು, ಎಲ್ಲಕ್ಕೂ ಕಳಿಸಿದ. ಜೊತೆಗೆ ಒಂದು ಸಾಲು ಬರೆದ: ‘ಇದನ್ನು ತೆರೆದವರಿಗೆ ಐಫೋನಿನವರಿಗಿಂತ ಮುಂಚೆ ನೀರು.’

ಕಾಂತರಾಜ್ ಊಟ ಮಾಡಿ ಪರದೆ ನೋಡಿದಾಗ ಪುಟ ತೆರೆದವರ ಸಂಖ್ಯೆ ಲೈನಿನ ಮನೆಗಳಿಗಿಂತ ಹೆಚ್ಚಿತ್ತು. ತಪ್ಪಿರಬೇಕೆಂದುಕೊಂಡ. ಅತ್ತೆ ಟೀ ತಂದುಕೊಡುವ ಹೊತ್ತಿಗೆ ನೂರು ದಾಟಿತು, ಲೋಟ ಖಾಲಿಯಾಗುವಾಗ ಐನೂರು. ಬೀಜದಂಗಡಿಯ ವೆಬ್‌ಸೈಟನ್ನು ಈವರೆಗೆ ನೋಡಿದವರು ಅಂಗಡಿಯವನೂ ಅವನ ಭಾಮೈದನೂ ಮಾತ್ರ. ಕಾಂತರಾಜ್ ಕುರ್ಚಿಯಲ್ಲಿ ಸ್ವಲ್ಪ ಒರಗಿ ಕೂತ. ಹೀಗೆ ಒರಗಿ ಕೂತ ಫೋಟೋಗಳನ್ನು ಅವನು ಬೇರೆಯವರದು ನೋಡಿದ್ದ.

ಆಗ ಗಂಟೆ ಹೊಡೆಯಿತು. ಈ ಸಲ ನಿಜ. ಮಾರಿಯಮ್ಮನ ನಲ್ಲಿ ಬುಸುಗುಟ್ಟಿತ್ತು, ಮಾರಿಯಮ್ಮ ಒತ್ತಿದ್ದಳು, ಬಂಗಲೆಯಿಂದ ಹೊರಟ ಕೂಗು ರಸ್ತೆ ಹಿಡಿದು ಎಲ್ಲ ಮನೆಗಳನ್ನೂ ಮುಟ್ಟಿತ್ತು.

ನಿಜವಾಗಿಯೂ ಎಲ್ಲ ಮನೆಗಳನ್ನು. ಒಂದೇ ಲೈನಿಗೆಂದು ಮಾಡಿದ ಪುಟದಲ್ಲಿ ‘ನೀರು ಬಂತು’ ಎಂದಿತ್ತೇ ಹೊರತು ಎಲ್ಲಿಗೆ ಎಂದಿರಲಿಲ್ಲ. ಚಾಂಪಿಯನ್ ರೀಫ್ಸ್ ನಲ್ಲಿಗೆ ಓಡಿತು. ನಂದಿದುರ್ಗ ನಲ್ಲಿಗೆ ಓಡಿತು. ಅದೇ ವಾಲ್ವಿನಿಂದ ನೀರು ಹಿಡಿಯುವ ಅಕ್ಕಪಕ್ಕದ ಲೈನುಗಳಲ್ಲಿ, ಈ ಹೊತ್ತಿಗೆ ಸದಾ ಮಲಗಿರುತ್ತಿದ್ದವರೆಲ್ಲ ಎದ್ದು ನಲ್ಲಿ ತಿರುಗಿಸಿದರು. ಮೋಟರು ಇದ್ದವರು ಪೈಪಿಗೆ ಮೋಟರು ಕಚ್ಚಿಸಿದರು. ಕೊನೆಯ ಮನೆಗೆ ಇಷ್ಟು ಕಾಲ ನೀರು ಮುಟ್ಟುತ್ತಿದ್ದುದು ಊರಿನವರ ಮಧ್ಯಾಹ್ನದ ನಿದ್ದೆಯ ಪುಣ್ಯದಿಂದ ಎಂದು ಕಾಂತರಾಜನಿಗೆ ಅರ್ಥವಾದದ್ದು ಆಗಲೇ.

ನಲ್ಲಿ ಕೆಮ್ಮಿತು. ಆಮೇಲೆ ಕಾಯಿಲೆಯ ಕೂಸಿಗೆ ಔಷಧಿ ಹಾಕುವಂತೆ ತೊಟ್ಟು ತೊಟ್ಟು ಬಿಟ್ಟಿತು. ಡ್ರಮ್ಮಿನ ತಳ ಒದ್ದೆಯಾಯಿತು, ಅಷ್ಟೇ.

ಸರಿಯಾಗಿ ಆಗ ರಾಮಚಂದ್ರಪ್ಪ ಪುರಿಯ ಚೀಲ ಹೊತ್ತು ಬಂದ. ಡ್ರಮ್ಮಿನೊಳಗೆ ಬಗ್ಗಿ ನೋಡಿದ. ನಿಧಾನವಾಗಿ ನೆಟ್ಟಗಾದ.

“ಅಳಿಯಂದಿರೇ, ತಾವು ದಯಮಾಡಿ ಆ ಯಂತ್ರಾನ ಬೀರುನಲ್ಲಿ ಇಟ್ಟು ಬರ್ಬೇಕು.”

“ಮಾವ, ಇನ್ನೊಂದು ಸ್ವಲ್ಪ ಹೊತ್ತು...”

“ಬೀಗದ ಕೈ ಅಂಬಿಕಾ ದೇವಿ ಫೋಟೋ ಹಿಂದೈತೆ. ತಮಗೆ ಗೊತ್ತಿರ್ಬೇಕು.”

ಕಾಂತರಾಜ್ ಲ್ಯಾಪ್‌ಟಾಪು ಮುಚ್ಚಿ ಎದೆಗವಚಿಕೊಂಡ. ಅಷ್ಟರಲ್ಲಿ ಲೈನಿನ ಮೇಲಿನ ತುದಿಯಿಂದ ಮೊಪೆಡ್ಡಿನ ಸದ್ದು ಬಂತು. ನೀರು ಬಿಡುವ ಕೋದಂಡಪ್ಪ. ಕೈಯಲ್ಲಿ ಮೊಳದುದ್ದದ ವಾಲ್ವ್ ಕೀಲಿ. ಹಿಂದೆ ಲೈನಿನ ಅರ್ಧ ಜನ, ಮುಂದೆ ಆದಿನಾರಾಯಣ ದಾರಿ ತೋರಿಸುತ್ತಿದ್ದ.

“ಯಾವನ್ಲಾ ಅವನು ಆಪ್ ಮಾಡ್ದೋನು?” ಕೋದಂಡಪ್ಪ ಮೊಪೆಡ್ಡನ್ನು ಗೋಡೆಗೆ ಒರಗಿಸಿದ. “ಇಡೀ ಊರು ನಂಗೆ ಫೋನ್ ಮಾಡ್ತೈತೆ. ನಂದಿದುರ್ಗದೋರು ನೀರು ಬಂದೈತಂತಲ್ಲ ಎಲ್ಲಿ ಅಂತಾರೆ. ನಾಳೆ ಸರದಿಯೋರು ಇವತ್ತೇ ಕೊಡು ಅಂತಾರೆ. ಉಚ್ಚೆ ಒಯ್ಯಕ್ಕೂ ಬಿಡ್ತಿಲ್ಲ.”

ಎಲ್ಲರೂ ರಾಮಚಂದ್ರಪ್ಪನ ಮುಖ ನೋಡಿದರು.

“ಈ ಉಡುಗ ನಮ್ಮೋನಲ್ಲ,” ಎಂದ ರಾಮಚಂದ್ರಪ್ಪ. “ಬೇತಮಂಗಲದೋನು.”

ಕಾಂತರಾಜನ ದೃಷ್ಟಿ ವಾಲ್ವ್ ಕೀಲಿಯ ಮೇಲೇ ಇತ್ತು. “ಸಾರ್, ತಪ್ಪು ನಂದೇ. ಎಲ್ಲಾ ಲೈನಿಗೂ ಒಂದೇ ಗಂಟೆ ಹೊಡೀತು. ಲೈನ್ ಲೈನಿಗೂ ಬೇರೆ ಬೇರೆ ಮಾಡ್ಬೇಕಿತ್ತು.”

ಕೋದಂಡಪ್ಪನ ಕೀಲಿ ಸ್ವಲ್ಪ ಕೆಳಗಿಳಿಯಿತು.

“ಅಂಗೆ ಆಯ್ತದಾ? ಯಾವ ಲೈನಿಗೆ ಬಿಟ್ರೆ ಆ ಲೈನ್‌ಗೆ ಮಾತ್ರ?”

“ಆಗತ್ತೆ.”

“ಆಮ್ಯಾಕೆ ನೀರು ಯಾವಾಗ ಅಂತ ನಂಗೆ ಯಾರೂ ಫೋನ್ ಮಾಡಲ್ಲ?”

“ಯಾಕೆ ಮಾಡ್ತಾರೆ? ಅವರ ಫೋನೇ ಹೇಳತ್ತಲ್ಲ.”

“ಎಷ್ಟು ದಿನದ ಕೆಲ್ಸ?”

ಇಲ್ಲಿ ಸ್ವಲ್ಪ ನರಳಿ, ತಲೆ ಕೆರೆದು, ತಿಂಗಳು ಎಂದು ಹೇಳಬೇಕಿತ್ತು. ಅಂಗಡಿಯವರ ಮುಂದೆ ಅವನು ಹಾಗೇ ಹೇಳುತ್ತಿದ್ದ. ಆದರೆ ಇಡೀ ಲೈನು ನೋಡುತ್ತಿತ್ತು, ಮಾವ ಅವನನ್ನು ಈಗ ತಾನೇ ಬೇತಮಂಗಲಕ್ಕೆ ವಾಪಸು ಕಳಿಸಿದ್ದ.

“ಎರಡು ನಿಮಿಷದ ಕೆಲ್ಸ,” ಎಂದ ಕಾಂತರಾಜ್.

ಕೋದಂಡಪ್ಪ ಗೋಡೆಯ ಬಿಸಿಲಿಗೆ ಕಣ್ಣು ಕಿರಿದುಮಾಡಿ ಯೋಚಿಸಿದ. ನಂತರ ಡ್ರಮ್ಮು ನೋಡಿದ, ಪುರಿಯ ಚೀಲ ನೋಡಿದ, ಜನರತ್ತ ತಿರುಗಿದ.

“ಮೇಲ್ಗಡೆ ಲೈನೆಲ್ಲ ಮುಚ್ಚಿ, ಇದಕ್ಕೊಂದಕ್ಕೇ ಇನ್ನು ಸ್ವಲ್ಪ ಬಿಡ್ತೀನಿ. ಮೋಟ್ರು ಹಾಕ್ದೋರ ಪೈಪು ಕಿತ್ಕೊಂಡೋಗ್ತೀನಿ, ಏಳಿರ್ತೀನಿ ಈಗ್ಲೇ.”

ಅವನು ಹೋಗಿ ಹತ್ತು ನಿಮಿಷಕ್ಕೆ ಕೊನೆಯ ಮನೆಯ ನಲ್ಲಿ ಎಂದೂ ಇಲ್ಲದ ರಭಸದಲ್ಲಿ ಹರಿಯಿತು. ಡ್ರಮ್ಮು ತುಂಬಿತು, ಬಿಂದಿಗೆಗಳು ತುಂಬಿದವು, ಮುನಿಲಕ್ಷ್ಮಿ ಸಾರಿನ ಪಾತ್ರೆಗೂ ಹಿಡಿದಳು. ರಾಮಚಂದ್ರಪ್ಪ ಒಂದು ಲೋಟ ಎತ್ತಿ ಬೆಳಕಿಗೆ ಹಿಡಿದ. ತಿಳಿಯಾಗಿತ್ತು.

“ಏನೋ ಕಾಂತರಾಜು,” ಎಂದ. ಏಕವಚನ ಕೇಳಿ ಕಾಂತರಾಜನ ಕಣ್ಣು ತುಂಬಿ ಬಂತು. “ಮಾತು ಅಂದ್ರೆ ಮಾತು. ಇನ್ಮೇಲೆ ನೀನು ಈ ನಲ್ಲಿ ಕಾಯಂಗಿಲ್ಲ. ಆ ಯಂತ್ರಾನೂ ಈಚೆ ಮಡಕ್ಕೋ.”

ಕೋದಂಡಪ್ಪ ವಾಪಸು ಬಂದು ಬಾಗಿಲಲ್ಲಿ ಕೂತ. ಮುನಿಲಕ್ಷ್ಮಿ ಅವನಿಗೆ ಒಂದು ತಟ್ಟೆ ಪಾನಿಪುರಿ ಕೊಟ್ಟಳು. ಅಷ್ಟರಲ್ಲಿ ಕಾಂತರಾಜ್ ಪುಟದಲ್ಲಿ ಲೈನುಗಳನ್ನು ಬೇರೆ ಬೇರೆ ಮಾಡಿ ಮುಗಿಸಿದ್ದ. ಎರಡು ನಿಮಿಷವಲ್ಲದಿದ್ದರೂ ಹೆಚ್ಚೇನೂ ಹಿಡಿಯಲಿಲ್ಲ.

“ಇನ್ನು ನೀವು ವಾಲ್ವ್ ತಿರುಗಿಸಿ, ಆ ಲೈನಿನ ಹೆಸರು ಒತ್ತಿದ್ರೆ ಆಯ್ತು ಸಾರ್. ನಿಮ್ದು ಆಂಡ್ರಾಯ್ಡಾ, ಐಫೋನಾ? ಯಾವ್ದಾದ್ರೂ ಸರಿ.”

ಕೋದಂಡಪ್ಪ ಜೇಬಿಗೆ ಕೈ ಹಾಕಿ ಫೋನು ತೆಗೆದು ಜಗಲಿಯ ಮೇಲಿಟ್ಟ. ಬಟನ್ ಫೋನು. ಬ್ಯಾಟರಿ ಬೀಳದಂತೆ ರಬ್ಬರ್ ಬ್ಯಾಂಡು ಸುತ್ತಿತ್ತು. ಐದರ ಅಂಕಿ ಅಳಿಸಿಹೋಗಿತ್ತು.

“ಇದ್ರಲ್ಲಿ ಓಡ್ತದಾ ನಿನ್ ಆಪು?”

ಕಾಂತರಾಜ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅದಕ್ಕೆ ಬಂಗಲೆಯೂ ಇರಲಿಲ್ಲ, ಲೈನೂ ಇರಲಿಲ್ಲ, ರಸ್ತೆ ಅದರ ಹತ್ತಿರವೂ ಹೋಗಿರಲಿಲ್ಲ.

“ಇಲ್ಲ ಸಾರ್.”

“ಹೋಗ್ಲಿ ಬಿಡು,” ಎಂದ ಕೋದಂಡಪ್ಪ, ಕೊನೆಯ ಪುರಿ ಬಾಯಿಗಿಟ್ಟು. “ನಿಮ್ ಲೈನ್‌ಗೆ ಮಾರಿಯಮ್ಮ ಅವ್ಳೆ, ಒತ್ಕಂತಾಳೆ. ಮಿಕ್ಕಿದ್ದಕ್ಕೆಲ್ಲ ನಾನು ವಾಲ್ವ್ ತಿರುಗಿಸ್ದಾಗ ನಿಂಗೊಂದು ಮಿಸ್ ಕಾಲ್ ಕೊಡ್ತೀನಿ. ಒತ್ತೋದು ನೀನು.”

“ಯಾವಾಗ್ಯಾವಾಗ ಬಿಡ್ತೀರ ಸಾರ್?”

“ನೀರು ಬಂದಾಗ. ಅದ್ಕೆ ಹೊತ್ತು ಗೊತ್ತು ಐತಾ? ಕೋಳಿ ಕೂಗೋ ಮುಂಚೆಯಿಂದ ಸುರುವಾಯ್ತದೆ. ನೀನು ಮನೇಲೇ ಇರ್ತೀಯಂತಲ್ಲ.”

“ಎಲ್ಲಿಗೂ ಓಗಲ್ಲ ನಮ್ ಅಳಿಯ,” ಎಂದ ರಾಮಚಂದ್ರಪ್ಪ, ಗಾಡಿಗೆ ಡ್ರಮ್ಮು ಕಟ್ಟುತ್ತ. ಆದಿನಾರಾಯಣ ಅಷ್ಟರಲ್ಲೇ ಎಲ್ಲ ಗುಂಪುಗಳಿಗೂ ಬರೆದುಬಿಟ್ಟಿದ್ದ. ಇನ್ನು ನೀರಿನ ವಿಷಯ ಕೋದಂಡಪ್ಪನನ್ನು ಕೇಳಬಾರದು, ಕಾಂತರಾಜನನ್ನು ಕೇಳಬೇಕು. ಕೆಳಗೆ ನಂಬರು.

ಸಂಜೆಯ ರೈಲು ಇಳಿದು ಅರ್ಚನ ಮನೆಗೆ ಬಂದಾಗ ದೀಪ ಹಚ್ಚಿದ್ದರು. ಅಪ್ಪ ಬಂಗಾರಪೇಟೆಗೆ ಹೋಗಿಯಾಗಿತ್ತು. ಗಂಡ ಬಾಗಿಲಲ್ಲಿ ಕೂತಿದ್ದ. ಮಡಿಲಲ್ಲಿ ಲ್ಯಾಪ್‌ಟಾಪು, ಒಂದು ಕಿವಿಗೆ ಫೋನು, ಕೈಯಲ್ಲಿ ಅವನ ಹಳೆಯ ಇನ್ನೊಂದು ಫೋನು, ಅದೂ ಹೊಡೆದುಕೊಳ್ಳುತ್ತಿತ್ತು. ಅವಳು ಚಪ್ಪಲಿ ಬಿಡುತ್ತ ದಿನಾ ಕೇಳುವ ಹಾಗೆ ಕೇಳಿದಳು.

“ನೀರು ಬಂತಾ?”

ಕಾಂತರಾಜ್ ತಲೆ ಎತ್ತಲಿಲ್ಲ.

“ಯಾವ ಲೈನು?” ಎಂದ.